ಗಾಂಜಾ ಬಿಟ್ಟ ಮೇಲಿನ ಹದಿನೈದು ರಾತ್ರಿ

(ಟೂಂಗಾಬಿಯ ವಾರ್ಷಿಕ ಕೂಟದಲ್ಲಿ ಆಡಿದ ಮಾತು)



ನಾನು ಡಾಕ್ಟರಲ್ಲ. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರೀಷಿಯನ್ ಟ್ರೇಡ್ ಮುಗಿಸಿ ಬಂದವನು. ಸೈಟ್ ಸೇಫ್ಟಿ ಬಗ್ಗೆ ಹತ್ತು ನಿಮಿಷ ಮಾತಾಡಪ್ಪಾ ಅಂದ್ರು. ಹೆಲ್ಮೆಟ್ಟು, ಬೂಟು ನಿಮಗೆ ಗೊತ್ತಿರೋದೇ. ಅದಕ್ಕೆ, ನಮ್ಮ ಶೇರ್ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ವಿಷಯ ಒಂದನ್ನ ತೆಗೀತೀನಿ. ಗಾಂಜಾ.

ನಾನು ಕಂಡ ಹಾಗೆ ನಮ್ಮ ಹುಡುಗರಲ್ಲಿ ಮೋಜಿಗೆ ಸೇದೋರು ಕಡಿಮೆ. ನಿದ್ದೆಗೆ ಅಂತ ಸೇದೋರೇ ಜಾಸ್ತಿ. ಬೆಳಗ್ಗೆ ನಾಲ್ಕೂವರೆಗೆ ಏಳಬೇಕು, ಮೈಕೈ ನೋವು, ಊರಿನ ಸಾಲ ತಲೇಲಿ. ರಾತ್ರಿ ಗ್ಯಾರೇಜಿನಲ್ಲಿ ಒಂದು ಎಳೆದರೆ ಕಣ್ಣು ಮುಚ್ಚುತ್ತೆ. ಕೇಳಿದರೆ ‘ಶಿವನ ಪ್ರಸಾದ ಕಣೋ’ ಅಂತಾರೆ. ಯಾದಗಿರಿ ಕಡೆಯವರು ತಿಂಥಣಿ ಮೌನೇಶ್ವರನ ಹೆಸರೂ ಹೇಳ್ತಾರೆ. ಆ ರೂಢಿ ಇರೋದು ನಿಜ. ಆದರೆ ಜಾತ್ರೆಗೊಮ್ಮೆ ಚಿಟಿಕೆ ಪ್ರಸಾದ ಬೇರೆ, ದಿನಾ ರಾತ್ರಿ ತಂಬಾಕು ಬೆರೆಸಿ ಸೇದೋದು ಬೇರೆ. ಇನ್ನು ಕೆಲವರು ‘ಕ್ಯಾನ್‌ಬೆರಾದಲ್ಲಿ ಕೇಸಿಲ್ಲ’ ಅಂತಾರೆ. 2020ರ ಜನವರಿ 31ರಿಂದ ಅಲ್ಲಿ ದೊಡ್ಡವರು 50 ಗ್ರಾಂವರೆಗೆ ಇಟ್ಟುಕೊಳ್ಳಬಹುದು, ಮಾರೋ ಹಾಗಿಲ್ಲ. ನಾವಿರೋದು ನ್ಯೂ ಸೌತ್ ವೇಲ್ಸ್‌ನಲ್ಲಿ, ಇಲ್ಲಿ ಅದು ಅಪರಾಧವೇ.

ರಸ್ತೆಯಲ್ಲಿ ನಾಲಿಗೆ ಮೇಲೆ ಕಡ್ಡಿ ಆಡಿಸಿ ಪರೀಕ್ಷೆ ಮಾಡೋದನ್ನ ಪ್ರಪಂಚದಲ್ಲೇ ಮೊದಲು ಶುರು ಮಾಡಿದ್ದು ವಿಕ್ಟೋರಿಯಾ, 2004ರ ಡಿಸೆಂಬರಿನಲ್ಲಿ. ಅಮಲು ಇಳಿದಿತ್ತು ಸಾರ್ ಅಂದರೆ ನಡೆಯಲ್ಲ, ಎಂಜಲಲ್ಲಿ ಟಿಎಚ್‌ಸಿ ಕಂಡರೆ ಸಾಕು. ಲೈಸೆನ್ಸ್ ಹೋದರೆ ಟೂಲ್ ಬಾಕ್ಸ್ ಹೊತ್ತುಕೊಂಡು ಟ್ರೈನಲ್ಲಿ ಎಷ್ಟು ಸೈಟಿಗೆ ಹೋಗ್ತೀರಿ?

ಇದೆಲ್ಲ ಗೊತ್ತಿದ್ದೂ ಬಿಡೋಕಾಗಲ್ಲ. ಯಾಕೆ? ನನ್ನ ಜೊತೆ ಮನೆಯಲ್ಲಿದ್ದ ಟೈಲ್ಸ್ ಕೆಲಸದ ಹುಡುಗ ಒಬ್ಬನ ವಿಷಯ ಹೇಳ್ತೀನಿ. ಹೆಸರು ಬೇಡ, ಅವನನ್ನ ಕೇಳಿಯೇ ಹೇಳ್ತಿದ್ದೀನಿ. ಎರಡು ಸಲ ದೇವರ ಮುಂದೆ ಆಣೆ ಮಾಡಿ ಬಿಟ್ಟಿದ್ದ. ಎರಡು ಸಲವೂ ನಾಲ್ಕನೇ, ಐದನೇ ರಾತ್ರಿಗೆ ವಾಪಸ್ಸು. ‘ನನಗೆ ಮನಸ್ಸು ಗಟ್ಟಿ ಇಲ್ಲ’ ಅಂತಿದ್ದ. ಮೂರನೇ ಸಲ ಡಾಕ್ಟರ ಹತ್ತಿರ ಹೋದಾಗ ಅವರು ಹೇಳಿದ್ದು ಇಷ್ಟು: ಬಿಟ್ಟ ಒಂದೆರಡು ದಿನಕ್ಕೆ ಸಿಡುಕು, ಬೆವರು, ಊಟ ಸೇರದಿರೋದು, ನಿದ್ದೆ ಬಾರದಿರೋದು ಶುರುವಾಗುತ್ತೆ. ಮೊದಲ ವಾರ ಜೋರು, ಸಾಮಾನ್ಯವಾಗಿ ಎರಡು ವಾರಕ್ಕೆ ಇಳಿಯುತ್ತೆ. ನಿದ್ದೆ ಮಾತ್ರ ಕೆಲವರಿಗೆ ತಿಂಗಳು ಹಿಡಿಯುತ್ತೆ. ಇದಕ್ಕೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ತೊಂದರೆಗೆ ಹೆಸರು ಸಿಕ್ಕಿದ್ದೇ 2013ರಲ್ಲಿ. ಅಲ್ಲೀವರೆಗೂ ನಮ್ಮ ಹುಡುಗರನ್ನ ಬಿಡಿ, ಎಷ್ಟೋ ಜನ ಬರೀ ‘ಮನಸ್ಸು ಗಟ್ಟಿ ಮಾಡ್ಕೋ’ ಅಂತ ಹೇಳ್ಕೊಂಡೇ ಬಂದಿದ್ರು.

ಅವನು ಫ್ರಿಜ್ ಮೇಲೆ ಹದಿನೈದು ಮನೆ ಗೀಚಿದ, ಜೈಲಿನ ಗೋಡೆ ಥರ. ಮೂರನೇ ರಾತ್ರಿ ಹಾಸಿಗೆ ಒದ್ದೆ. ಅನ್ನ ಇಳೀತಿರಲಿಲ್ಲ, ಗಂಜಿ ಮಜ್ಜಿಗೆ ಅಷ್ಟೇ. ಕನಸು ಮಾತ್ರ ಭಯಂಕರ. ಗಾಂಜಾ ಕನಸನ್ನ ಅದುಮಿ ಇಟ್ಟಿರುತ್ತೆ, ಬಿಟ್ಟಾಗ ಒಟ್ಟಿಗೆ ನುಗ್ಗುತ್ತೆ. ಅವ್ವ ಹೊಲದಿಂದ ಕೂಗ್ತಾಳೆ, ನನಗೆ ಓಡೋಕೆ ಕಾಲಿಲ್ಲ ಅಂತ ಎದ್ದು ಕೂತಿದ್ದ. ಹನ್ನೊಂದು ಗಂಟೆಗೆ ಇಬ್ಬರೂ ಟೂಂಗಾಬಿ ಕ್ರೀಕ್ ಪಕ್ಕ ನಡೀತಿದ್ವಿ. ಮಾತಿಲ್ಲ, ಸುಮ್ಮನೆ ನಡೆಯೋದು. ಆರನೇ ರಾತ್ರಿ ನಿದ್ದೆಗೆ ನಾಲ್ಕು ಬಿಯರ್ ಕುಡೀತೀನಿ ಅಂದ. ಊರಲ್ಲಿ ಫ್ಯೂಸ್ ಹೋದಾಗೆಲ್ಲ ದಪ್ಪ ತಂತಿ ಸುತ್ತಿ ಬಿಡ್ತಾರಲ್ಲ, ಆಮೇಲೆ ಸುಡೋದು ಮನೆಯ ವೈರಿಂಗು. ಅಷ್ಟು ಹೇಳಿದೆ, ಬಾಟಲಿ ಫ್ರಿಜ್ಜಲ್ಲೇ ಉಳೀತು.

ಗ್ಯಾರೇಜಿನ ಕುರ್ಚಿಯನ್ನ ಕೌನ್ಸಿಲ್ ಕ್ಲೀನ್-ಅಪ್‌ಗೆ ಇಟ್ವಿ. ತರೋ ಹುಡುಗನ ನಂಬರ್ ಅಳಿಸಿದ. ಸಿಗರೇಟೂ ಬಿಡಬೇಕಾಯ್ತು, ಬೆರೆಸಿ ಸೇದಿದವನಿಗೆ ತಂಬಾಕಿನ ವಾಸನೆಯೇ ಅದನ್ನ ಕರೆಯುತ್ತೆ. ಮೊದಲು ಸೇದ್ತಿದ್ದ ಒಂಬತ್ತೂವರೆಗೆ ಮನೆಗೆ ಫೋನು ಹಚ್ಚಿದ, ಅಲ್ಲಿ ಸಂಜೆ ನಾಲ್ಕೋ ಐದೋ ಆಗಿರುತ್ತೆ. ನಾವೂ ಮನೆಯೊಳಗೆ ಯಾರೂ ಸೇದಬಾರದು ಅಂತ ಮಾಡಿದ್ವಿ. ಒಬ್ಬ ಮುನಿಸಿಕೊಂಡು ಬೇರೆ ಮನೆಗೆ ಹೋದ. ಹೋಗಲಿ ಬಿಡಿ.

ಹದಿನೇಳನೇ ರಾತ್ರಿ ಅಲಾರಾಂ ತನಕ ಮಲಗಿದ. ನಾಲ್ಕು ತಿಂಗಳಾದ ಮೇಲೆ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಗೆಳೆಯರ ಪಾರ್ಟಿಲಿ ಎರಡು ಎಳೆದ. ಮಾರನೇ ದಿನ ಬಂದು ತಾನಾಗೇ ಹೇಳಿದ. ಕೊಂಡು ತರಲಿಲ್ಲ. ಅದನ್ನ ನಾವು ಸೋಲು ಅಂತ ಲೆಕ್ಕ ಹಾಕಲಿಲ್ಲ. ಈಗ ಎರಡು ವರ್ಷ.

ನಂಬರ್ ಬರ್ಕೊಳ್ಳಿ. ಗಾಂಜಾ ಬಿಡೋರಿಗೇ ಅಂತ ಇರೋ ಸಹಾಯವಾಣಿ 1800 30 40 50. ಎಲ್ಲ ಮಾದಕ ವಸ್ತುಗಳಿಗೆ 1800 250 015. ಎರಡೂ ಪುಕ್ಕಟೆ, ವಿಷಯ ಹೊರಗೆ ಹೋಗಲ್ಲ. ಇಂಗ್ಲಿಷ್ ತೊಡಕಾದರೆ 131 450ಕ್ಕೆ ಮಾಡಿ ದುಭಾಷಿ ಕೇಳಿ. ಊರಲ್ಲಿ ತಮ್ಮನೋ ಮೈದುನನೋ ಸಿಕ್ಕಿಕೊಂಡಿದ್ದರೆ ಅವರು 14416 ಟೆಲಿ-ಮಾನಸ್‌ಗೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸೋಕೆ ಪ್ರತ್ಯೇಕ ಕೇಂದ್ರವೇ ಇದೆ. ಕಿವಿಯಲ್ಲಿ ಯಾರೋ ಮಾತಾಡ್ತಾರೆ, ಎಲ್ಲರೂ ನನ್ನ ಹಿಂದೆ ಬಿದ್ದಿದ್ದಾರೆ ಅನ್ನಿಸಿದರೆ ಹದಿನೈದು ದಿನ ಕಾಯಬೇಡಿ, ಅವತ್ತೇ ವೆಸ್ಟ್‌ಮೀಡ್ ಆಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.

ಎಲ್ಲರ ಮುಂದೆ ಕೇಳೋಕೆ ಸಂಕೋಚ ಇರೋರು ಊಟದ ಸಾಲಲ್ಲಿ ಸಿಗಿ. ನಾನು ಮೊಸರನ್ನ ಬಡಿಸೋ ಕಡೆ ಇರ್ತೀನಿ.