ಹನಿ ಹನಿ ಗೂಡಿದರೆ: ಒಂದು ಗಾದೆಯನ್ನು ಕಲಿಯುವ ಬಗೆ



‘ಈ ಗಾದೆಯ ಅರ್ಥವನ್ನು ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆ ನಿಮಗೆಲ್ಲ ಚಿರಪರಿಚಿತ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಆರಂಭಿಸಿ, ಹತ್ತು ಸಾಲು ತುಂಬಿಸಿ, ಅಂಕ ಪಡೆದು ಮುಂದೆ ಹೋಗುತ್ತೇವೆ. ಗಾದೆ ಮಾತ್ರ ಉತ್ತರಪತ್ರಿಕೆಯಲ್ಲೇ ಉಳಿಯುತ್ತದೆ, ನಾಲಗೆಗೆ ಬರುವುದಿಲ್ಲ. ಇಂದು ಒಂದೇ ಒಂದು ಗಾದೆಯನ್ನು ಎತ್ತಿಕೊಂಡು, ಅದನ್ನು ನಿಜವಾಗಿ ಕಲಿಯುವುದು ಹೇಗೆ, ಬಳಸುವುದು ಹೇಗೆ ಎಂದು ಯೋಚಿಸೋಣ. ಗಾದೆ ಇದು: ‘ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ.’

ಮೊದಲು ಮಾತುಗಳನ್ನು ಗಮನಿಸಿ. ‘ಗೂಡಿದರೆ’ ಎಂಬುದಕ್ಕೂ ಹಕ್ಕಿಯ ಗೂಡಿಗೂ ಸಂಬಂಧವಿಲ್ಲ. ‘ಹನಿ’ ಮತ್ತು ‘ಕೂಡು’ ಸೇರಿದಾಗ ಕಕಾರಕ್ಕೆ ಗಕಾರ ಬರುತ್ತದೆ. ವ್ಯಾಕರಣದಲ್ಲಿ ನೀವು ಓದಿದ ಆದೇಶ ಸಂಧಿ ಇದೇ. ‘ಹನಿ ಹನಿ’, ‘ತೆನೆ ತೆನೆ’ ದ್ವಿರುಕ್ತಿಗಳು. ಬಳ್ಳ ಎಂದರೆ ಕಾಳು ಅಳೆಯುವ ಹಳೆಯ ಅಳತೆ. ಊರಿಂದ ಊರಿಗೆ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ ಎರಡು ಸೇರಿಗೆ ಒಂದು ಬಳ್ಳ. ಮೆಟ್ರಿಕ್ ಅಳತೆ ಬಂದ ಮೇಲೆ ಬಳ್ಳ ಅಂಗಡಿಯಿಂದ ಮರೆಯಾಯಿತು, ಗಾದೆಯಲ್ಲಿ ಉಳಿಯಿತು. ಹಳ್ಳ, ಬಳ್ಳ ಎಂಬ ಪ್ರಾಸವೇ ಅದನ್ನು ಅಕ್ಷರ ಬಾರದವರ ನೆನಪಿನಲ್ಲೂ ಕಾಪಾಡಿತು.

ಈ ಗಾದೆಯ ಬೆಲೆ ಗೊತ್ತಾಗಬೇಕಾದರೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಕಡೆಗೆ ನೋಡಬೇಕು. ನಮ್ಮ ನಾಡಿನ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದು ಒಂದು. ವರ್ಷದ ಮಳೆ ಸರಾಸರಿ 500 ಮಿಲಿಮೀಟರಿನ ಆಸುಪಾಸು. ಇದು ಕಡಿಮೆಯೇ, ನಿಜ. ಆದರೆ ಒಂದು ಲೆಕ್ಕ ಮಾಡಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನಿಮ್ಮ ಶಾಲೆಯ ಮಾಳಿಗೆ 20 ಮೀಟರ್ ಉದ್ದ, 10 ಮೀಟರ್ ಅಗಲ ಎಂದುಕೊಳ್ಳಿ. 500 ಮಿಲಿಮೀಟರ್ ಮಳೆಯಾದ ವರ್ಷ ಆ ಮಾಳಿಗೆಯ ಮೇಲೆ ಬೀಳುವ ನೀರು ಒಂದು ಲಕ್ಷ ಲೀಟರ್! ಆವಿಯಾಗಿಯೋ ಸೋರಿಯೋ ಒಂದಷ್ಟು ಹೋದರೂ ಉಳಿಯುವುದು ಸಣ್ಣ ಮೊತ್ತವಲ್ಲ. ಹಿಡಿದಿಡಲು ತೊಟ್ಟಿ ಇಲ್ಲದಿದ್ದರೆ ಅದು ಅಂಗಳ ದಾಟಿ ಹೋಗುತ್ತದೆ.

ಈಗ ಗಾದೆಯ ಗುಟ್ಟು ಹೊಳೆಯಿತೇ? ಗಾದೆ ‘ಹನಿ ಬಿದ್ದರೆ ಹಳ್ಳ’ ಎಂದು ಹೇಳುವುದಿಲ್ಲ. ‘ಗೂಡಿದರೆ’ ಎಂದು ಹೇಳುತ್ತದೆ. ಬೀಳುವುದು ಮುಗಿಲ ಕೆಲಸ, ಕೂಡಿಸುವುದು ಮನುಷ್ಯನ ಕೆಲಸ. ಹೊಲದ ಒಡ್ಡು, ಊರ ಕೆರೆ, ದನಕರುಗಳ ಗೋಕಟ್ಟೆ ಎಲ್ಲವೂ ಆ ಒಂದು ‘ಗೂಡಿದರೆ’ಗಾಗಿ ಹಿರಿಯರು ಪಟ್ಟ ಶ್ರಮ. ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಅನಂತರ. ಕೂಡಿಸುವವರಿಗೆ ತಾಳ್ಮೆ ಎಷ್ಟು ಬೇಕೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರು ನೀವು ಕೇಳಿದ್ದೀರಿ. ಮಗ್ಗದ ಮುಂದೆ ಕುಳಿತ ನೇಕಾರರು ಲಾಳಿಯನ್ನು ಒಮ್ಮೆ ಓಡಿಸಿದರೆ ಸೇರುವುದು ಒಂದೇ ಎಳೆ. ಸೆಂಟಿಮೀಟರಿಗೆ 20 ಎಳೆ ಎಂದುಕೊಂಡರೂ ಐದೂವರೆ ಮೀಟರ್ ಸೀರೆಗೆ 11,000 ಬಾರಿ ಲಾಳಿ ಓಡಬೇಕು. ಕೊನೆಯ ಎಳೆಯಷ್ಟೇ ಮೊದಲನೆಯ ಎಳೆಯೂ ಮುಖ್ಯ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ಓದಲು ಹೊರಟವರು ಈ ಮಗ್ಗವನ್ನು ಒಮ್ಮೆ ನೆನೆಯಬೇಕು.

ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಸಾಮ್ರಾಟ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವನ್ನು ಪತ್ತೆ ಮಾಡಿದರು. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲ ಎಂಬುದು ಅಲ್ಲಿಯ ಆಶಯಗಳಲ್ಲೊಂದು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಂಡೆಯ ಮೇಲೆ ಕೊರೆಸಿದ ಆ ಮಾತಿಗೂ ನಮ್ಮ ಗಾದೆಗೂ ಎಷ್ಟು ಹತ್ತಿರದ ನೆಂಟಸ್ತಿಕೆ!

ದೂರದ ದೇಶದಲ್ಲೂ ಇಂಥ ಮಾತಿದೆ. ಬಾಲ್ಟಿಕ್ ಸಮುದ್ರದ ದಡದ ಎಸ್ಟೋನಿಯದಲ್ಲಿ ‘ಮೆಲ್ಲನೆ ಹುಟ್ಟು ಹಾಕು, ದೂರ ತಲುಪುವೆ’ ಎಂಬುದು ಮನೆಮಾತಾದ ಗಾದೆ. ಅವರ ಭಾಷೆಯಲ್ಲಿ ಅದಕ್ಕೂ ಅಂತ್ಯಪ್ರಾಸವಿದೆ. ಕಡಲ ಜನಕ್ಕೆ ದೋಣಿ ಹೊಳೆಯಿತು, ಬಯಲುಸೀಮೆಯವರಿಗೆ ಹನಿ ಮತ್ತು ತೆನೆ ಹೊಳೆದವು. 1888ರಲ್ಲಿ ಯಾಕೋಬ್ ಹುರ್ಟ್ ಎಂಬ ವಿದ್ವಾಂಸರು ‘ನಿಮ್ಮ ಊರಿನ ಹಾಡು, ಕಥೆ, ಗಾದೆಗಳನ್ನು ಬರೆದು ಕಳುಹಿಸಿ’ ಎಂದು ಅಲ್ಲಿಯ ಜನರಿಗೆ ಕರೆ ಕೊಟ್ಟರು. ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಲಕ್ಷಕ್ಕೂ ಮಿಕ್ಕಿ ಪುಟಗಳು ಸೇರಿದವು. ಅವರಿಗೆ ನಮ್ಮ ಗಾದೆ ಗೊತ್ತಿರಲಿಲ್ಲ, ಆದರೆ ಅದನ್ನು ಬಾಳಿ ತೋರಿಸಿದರು.

ಇನ್ನು ಬಳಕೆಯ ಮಾತು. ಗಾದೆಯನ್ನು ಎಲ್ಲಿ, ಯಾರಿಗೆ, ಯಾವಾಗ ಹೇಳಬೇಕು ಎಂಬ ವಿವೇಕವೇ ಅದರ ಅರ್ಧ ಅರ್ಥ. ದಿನಕ್ಕೆ ಐದು ಹೊಸ ಪದ ಕಲಿಯುತ್ತಿರುವ ಗೆಳತಿ ‘ಇದರಿಂದ ಏನಾದೀತು?’ ಎಂದು ಬೇಸರಪಟ್ಟರೆ, ‘ಹನಿ ಹನಿ ಗೂಡಿದರೆ ಹಳ್ಳ ಕಣೇ’ ಎನ್ನಿ. ಅಲ್ಲಿ ಗಾದೆ ಧೈರ್ಯ ಕೊಡುತ್ತದೆ. ‘ಇವತ್ತೊಂದು ದಿನ ತಾನೇ’ ಎಂದು ನಿಮ್ಮ ಮನಸ್ಸು ಸೋಮಾರಿತನಕ್ಕೆ ಎಳೆದರೆ ನಿಮಗೆ ನೀವೇ ಹೇಳಿಕೊಳ್ಳಿ. ಅಲ್ಲಿ ಅದು ಎಚ್ಚರಿಸುತ್ತದೆ.

ಆದರೆ ಮಳೆ ಕೈಕೊಟ್ಟು ಶೇಂಗಾ ಬೆಳೆ ಒಣಗಿದ ರೈತನ ಮುಂದೆ, ಕೆಲಸವಿಲ್ಲದೆ ಮಗ್ಗ ನಿಲ್ಲಿಸಿದ ನೇಕಾರನ ಮುಂದೆ ನಿಂತು, ‘ಹನಿ ಹನಿ ಕೂಡಿಸಬೇಕಿತ್ತು’ ಎಂದು ಉಪದೇಶ ಮಾಡಬೇಡಿ. ಹನಿಯೇ ಬೀಳದವನಿಗೆ ಹಳ್ಳದ ಮಾತು ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ. ಇನ್ನೊಂದು ಎಚ್ಚರಿಕೆ: ಕೂಡುವುದು ಒಳ್ಳೆಯದು ಮಾತ್ರವಲ್ಲ. ಸಣ್ಣ ಸಣ್ಣ ಸಾಲವೂ ಕೂಡುತ್ತದೆ, ಸಣ್ಣ ಸಣ್ಣ ಸುಳ್ಳೂ ಕೂಡುತ್ತದೆ. ಅವಕ್ಕೂ ಹಳ್ಳವಾಗುವ ಶಕ್ತಿಯಿದೆ. ಆ ಹಳ್ಳದಲ್ಲಿ ಕೊಚ್ಚಿಹೋಗುವವರು ನಾವೇ.

ಆದ್ದರಿಂದ ಮಿತ್ರರೇ, ಒಂದು ಗಾದೆ ಕಲಿಯುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದರ ಪ್ರತಿ ಪದದ ಅರ್ಥವೇನು? ಯಾವ ಬದುಕಿನಿಂದ ಇದು ಹುಟ್ಟಿತು? ಎಲ್ಲಿ ಇದು ಸಲ್ಲುತ್ತದೆ? ಎಲ್ಲಿ ಸಲ್ಲದು? ನಿಮ್ಮ ಮನೆಯ, ಹಟ್ಟಿಯ, ಕೇರಿಯ ಹಿರಿಯರ ಬಳಿ ಕುಳಿತು ವಾರಕ್ಕೊಂದು ಗಾದೆ ಕೇಳಿ ಬರೆದಿಡಿ. ಯಾರು, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನೂ ಸೇರಿಸಿ. ವರ್ಷ ತುಂಬುವಾಗ 52 ಗಾದೆಗಳಾಗುತ್ತವೆ. ನಿಮ್ಮ ತರಗತಿಯ 40 ಮಂದಿಯೂ ಹೀಗೆ ಮಾಡಿದರೆ 2,080. ಒಂದೇ ಗಾದೆ ಇಬ್ಬರಿಗೆ ಸಿಕ್ಕರೂ ಸಂದರ್ಭ ಬೇರೆಯಾಗಿರುತ್ತದೆ, ನಷ್ಟವೇನಿಲ್ಲ. ಹಿರಿಯರು ಹೋದ ಮೇಲೆ ಕೇಳೋಣವೆಂದರೆ ಹೇಳುವವರಿರುವುದಿಲ್ಲ. ಹನಿ ಬೀಳುತ್ತಿರುವಾಗಲೇ ಒಡ್ಡು ಹಾಕಬೇಕು.

ಈ ವಾರವೇ ಮೊದಲ ಗಾದೆಯನ್ನು ಬರೆದುಕೊಳ್ಳಿ.