ಒಬ್ಬ ದಾದಿ, ನಾಲ್ವತ್ತು ಹಾಸಿಗೆ

(ವರ್ತಕ ನಗರದಲ್ಲಿ ನಡೆದ ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರ ತಾಯಿ ಆಸ್ಪತ್ರೆ ಸೇರಿದ್ದಾಗ ನಾವು ಇಬ್ಬಿಬ್ಬರಂತೆ ಸರದಿಯಲ್ಲಿ ರಾತ್ರಿ ಕಾದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ವಾರ್ಡಿನಲ್ಲಿ ನಾಲ್ವತ್ತು ಹಾಸಿಗೆ, ನೆಲದ ಮೇಲೆ ಮತ್ತೆ ಆರು ಮಂದಿ. ಅಷ್ಟಕ್ಕೂ ಒಬ್ಬರೇ ದಾದಿ. ಸಲೈನ್ ಬಾಟಲಿ ಬರಿದಾಗಿ ನಳಿಗೆಯಲ್ಲಿ ರಕ್ತ ಏರತೊಡಗಿದಾಗ ನಾವು ಕೂಗಾಡಿದೆವು. ಆಕೆ ಮೂಲೆಯಲ್ಲಿ ಉಸಿರು ಕಟ್ಟಿದ ಮುದುಕರೊಬ್ಬರಿಗೆ ಆಮ್ಲಜನಕ ಹಚ್ಚುತ್ತಿದ್ದರು. ಬಂದು ಬಾಟಲಿ ಬದಲಿಸಿ, "ಅಣ್ಣಾ, ಸಂಜಿಂದ ನೀರ್ ಕುಡುಕೂ ಪುರ್ಸೊತ್ತಿಲ್ಲ ಕಾಣಿ" ಎಂದರು. ನಮ್ಮ ಕುಂದಾಪುರದ ಹುಡುಗಿ! ನಮಗೆ ತಲೆ ಎತ್ತಲಾಗಲಿಲ್ಲ.

ನಮ್ಮಲ್ಲಿ ಹಲವರು ಗಿರಣಿಯಲ್ಲಿ ದುಡಿದವರು. ಇಲ್ಲೇ ಸಮೀಪದ ರೇಮಂಡ್ ಗಿರಣಿ 2009ರಲ್ಲಿ ಮುಚ್ಚಿದ್ದು ತಮಗೆಲ್ಲ ತಿಳಿದೇ ಇದೆ. 1928ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರು ಆರು ತಿಂಗಳು ಮುಷ್ಕರ ಹೂಡಿದುದಕ್ಕೆ ಒಂದು ಕಾರಣ, ಎರಡು ಮಗ್ಗ ನೋಡುತ್ತಿದ್ದ ನೇಕಾರನಿಗೆ ಮೂರು ವಹಿಸಹೊರಟದ್ದು. ಮಗ್ಗ ಹೆಚ್ಚಿದರೆ ನೂಲು ಹರಿದುದು ಕಣ್ಣಿಗೆ ಬೀಳುವುದಿಲ್ಲ. ವಾರ್ಡಿನ ಲೆಕ್ಕವೂ ಅದೇ. ಆದರೆ ಅಲ್ಲಿ ಕೆಟ್ಟುದನ್ನು ಥಾನಿನಿಂದ ಕತ್ತರಿಸಿ ತೆಗೆಯಲು ಬಾರದು.

ಇದು ಬರಿಯ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳನ್ನು ಪರಿಶೀಲಿಸಿ ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಲೆಕ್ಕ ಪ್ರಕಟಿಸಿದರು. ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆ. ದಾದಿ ಸೋತು ಸುಣ್ಣವಾಗುವ ಸಂಭವ ಶೇಕಡಾ 23ರಷ್ಟು. ಕ್ಯಾಲಿಫೋರ್ನಿಯದಲ್ಲಿ 1999ರ ಕಾಯಿದೆ 2004ರಿಂದ ಜಾರಿಗೆ ಬಂದು, ಸಾಧಾರಣ ವಾರ್ಡಿನಲ್ಲಿ ಒಬ್ಬ ದಾದಿಗೆ ಐವರಿಗಿಂತ ಹೆಚ್ಚು ರೋಗಿಗಳಿರಕೂಡದೆಂದು ಈಗ ಕಟ್ಟುಪಾಡಿದೆ. ನಮ್ಮಲ್ಲಿಯೂ ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡವಿದೆ: ವೈದ್ಯವಿದ್ಯೆ ಕಲಿಸುವ ಆಸ್ಪತ್ರೆಗೆ 3 ಹಾಸಿಗೆಗೊಬ್ಬರು, ಸಾಧಾರಣ ಆಸ್ಪತ್ರೆಗೆ 5ಕ್ಕೊಬ್ಬರು, ರಜೆಯ ಸಲುವಾಗಿ ಶೇಕಡಾ 30 ಮೇಲೆ. ಕಾಗದದ ಮೇಲೆ ನಾವೇನು ಕಡಿಮೆಯಲ್ಲ!

2023ರ ಆಗಸ್ಟಿನಲ್ಲಿ ಕಲ್ವಾದ 500 ಹಾಸಿಗೆಗಳ ಪುರಸಭಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 18 ಮಂದಿ ತೀರಿಕೊಂಡರು. ಅದಕ್ಕೆ ಕಾರಣಗಳು ಹಲವು. ದಾದಿಯರ ಲೆಕ್ಕವೊಂದಕ್ಕೇ ಅದನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಹಾಸಿಗೆ ತುಂಬಿ ತುಳುಕುವ ಆಸ್ಪತ್ರೆಯ ಭಾರ ಮೊದಲು ಯಾರ ಕೈಗೆ ಬೀಳುತ್ತದೆಂಬುದನ್ನು ಠಾಣೆಯವರಾದ ನಾವು ಕೇಳಲೇಬೇಕಾಯಿತು.

ದಾದಿಯರು ವಿದೇಶಕ್ಕೆ ಹೋಗುತ್ತಾರೆಂದು ಕೆಲವರ ಆಕ್ಷೇಪ. ಹೋಗದೆ ಏನು ಮಾಡಿಯಾರು? ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ಕೂಡಿದ ಸಮಿತಿಯು, 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದೆಂದಿತು. ಅದನ್ನು ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟ ವಿಚಾರವಾಯಿತು.

ನಮ್ಮ ಬೇಡಿಕೆ ದೊಡ್ಡದಲ್ಲ. ಇಂದಿನ ಪಾಳಿಯಲ್ಲಿ ರೋಗಿಗಳೆಷ್ಟು, ದಾದಿಯರೆಷ್ಟು ಎಂದು ಪ್ರತಿ ವಾರ್ಡಿನ ಬಾಗಿಲಲ್ಲಿ ಹಲಗೆಯ ಮೇಲೆ ಬರೆಯಲಿ. ಪುರಸಭೆಗೆ ಕೊಡುವ ಅರ್ಜಿ ಸಿದ್ಧವಾಗಿದೆ. ಸಹಿ ಹಾಕದೆ ಯಾರೂ ಎದ್ದು ಹೋಗಬೇಡಿ. ಮನೆಯಲ್ಲಿ ಮಗಳೋ ಸೊಸೆಯೋ ದಾದಿಯಾಗಿದ್ದವರು, ಒಂದು ವಾರದ ಲೆಕ್ಕವನ್ನು ಕಾರ್ಡಿನಲ್ಲಿ ಬರೆಯಿಸಿ ಸಂಘದ ಪೆಟ್ಟಿಗೆಯಲ್ಲಿ ಹಾಕಿರಿ. ಅವರ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಬೇಡ. ಪಾಳಿ, ಹಾಸಿಗೆ, ದಾದಿಯರ ಸಂಖ್ಯೆ, ಇಷ್ಟಿದ್ದರೆ ಸಾಕು.