589 ಕಂಠಪಾಠವಾಯಿತು, ನೋಡುವುದು ಯಾವಾಗ?

ಉಮರ್ಗಾ, ನಿಲಂಗಾ, ಉದಗೀರದ ತಮ್ಮಂದಿರೇ, ತಂಗಿಯರೇ, ಹತ್ತನೇ ತರಗತಿ ಮುಗಿದ ಕೂಡಲೇ ನಿಮ್ಮಲ್ಲಿ ಎಷ್ಟೋ ಜನ ಲಾತೂರಿನ ಬಸ್ಸು ಹತ್ತುತ್ತೀರಿ. ನೀಟ್, ಜೆಇಇ, ವಾರಕ್ಕೊಂದು ಟೆಸ್ಟ್. ಸೋಡಿಯಂ ಬೆಳಕಿನ ತರಂಗದೂರ 589 ನ್ಯಾನೋಮೀಟರ್ ಎಂಬುದು ನಿದ್ದೆಗಣ್ಣಿನಲ್ಲೂ ಬಾಯಿಗೆ ಬರುತ್ತದೆ. ಆ ಹಳದಿ ಗೆರೆಯನ್ನು ಕಣ್ಣಾರೆ ಕಂಡವರು ಕೈ ಎತ್ತಿ ನೋಡೋಣ!

ನಿಮಗೆ ಒಂದು ಅಂಕದ ಪ್ರಶ್ನೆಯಾಗಿರುವ ಈ ಸಂಖ್ಯೆಯ ಬಳಿಯೇ ಒಂದು ಹೊಸ ಮೂಲವಸ್ತು ಅಡಗಿ ಕೂತಿತ್ತು. ಅದು ಕಣ್ಣಿಗೆ ಬಿದ್ದದ್ದು ನಿಮ್ಮ ನೆರೆಯ ಆಕಾಶದಲ್ಲೇ.

1868ರ ಆಗಸ್ಟ್ 18ರ ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣದ ನೆರಳು ಜಮಖಂಡಿ, ವಿಜಯಪುರಗಳನ್ನು ಹಾದು ಗುಂಟೂರಿನತ್ತ ಸಾಗಿತು. ಜಮಖಂಡಿಯಲ್ಲಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಹಿಡಿದು ಕಾದಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್. ಮಳೆಗಾಲ ಬೇರೆ, ಮೋಡದ ಭಯ. ಸೂರ್ಯನ ಅಂಚಿನಿಂದ ಚಾಚುವ ಕೆಂಪು ಜ್ವಾಲೆಗಳು ಏನೆಂದು ಅಲ್ಲಿಯವರೆಗೆ ಯಾರಿಗೂ ಖಚಿತವಿರಲಿಲ್ಲ. ರೋಹಿತದರ್ಶಕದಲ್ಲಿ ಉದ್ದನೆಯ ಬಣ್ಣದ ಪಟ್ಟಿ ಕಾಣಲಿಲ್ಲ, ಹೊಳೆಯುವ ಬಿಡಿ ಗೆರೆಗಳು ಕಂಡವು. ಹರ್ಷೆಲ್‌ಗೆ ಕೆಂಪು, ಕಿತ್ತಳೆ, ನೀಲಿ; ಹೇಗ್‌ಗೆ ಗುಲಾಬಿಗೆಂಪು ಮತ್ತು ತಿಳಿ ಹೊಂಬಣ್ಣ. ಬಿಡಿ ಗೆರೆ ಎಂದರೆ ಕಾದ ಅನಿಲ. ಜ್ವಾಲೆಯ ಗುಟ್ಟು ಅಲ್ಲಿಗೆ ರಟ್ಟಾಯಿತು.

ಆ ಹೊಂಬಣ್ಣದ ಗೆರೆಯನ್ನು ಅಂದು ಬಹುಪಾಲು ಜನ ಸೋಡಿಯಂ ಎಂದೇ ಬಗೆದರು. ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಗ್ರಹಣವಿಲ್ಲದೆಯೇ ಆ ಗೆರೆಯನ್ನು ಹಿಡಿದು ಅಳೆದ. ಸುಮಾರು 587.6. ಒಂದೂವರೆ ನ್ಯಾನೋಮೀಟರಿನಷ್ಟು ವ್ಯತ್ಯಾಸ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಭೂಮಿಯಲ್ಲಿ ಗೊತ್ತಿದ್ದ ಯಾವ ವಸ್ತುವಿಗೂ ಅದು ತಾಳೆಯಾಗಲಿಲ್ಲ. ಇದು ಹೊಸ ಮೂಲವಸ್ತು ಎಂದ ಲಾಕಿಯರ್. ಅದೇ ಹೀಲಿಯಂ. ವಿಲಿಯಂ ರಾಮ್ಸೆ ಯುರೇನಿಯಂ ಖನಿಜವೊಂದರಿಂದ ಅದನ್ನು ಹೊರತೆಗೆದದ್ದು 1895ರಲ್ಲಿ. ಅಲ್ಲಿಯವರೆಗೆ ಲಾಕಿಯರ್‌ನ ಮಾತನ್ನು ಅನುಮಾನಿಸಿದವರೇನೂ ಕಡಿಮೆಯಿರಲಿಲ್ಲ.

ನಿಮ್ಮ ಮನೆಯಲ್ಲಿ ಸೋಯಾ, ತೊಗರಿ ಬಿತ್ತುವಾಗ ಹಿರಿಯರು ಮೃಗಶಿರ, ಆರಿದ್ರ ಎಂದು ಲೆಕ್ಕ ಹಾಕುತ್ತಾರಲ್ಲ, ಆ ಆರ್ದ್ರಾ ನಕ್ಷತ್ರದ ಬೆಳಕನ್ನೂ ಹೀಗೇ ಬಿಡಿಸಿ ನೋಡಬಹುದು. ಅದರ ರೋಹಿತದ ತುಂಬ ಟೈಟಾನಿಯಂ ಆಕ್ಸೈಡಿನ ಕಪ್ಪು ಪಟ್ಟಿಗಳು. ಅಣುಗಳು ಒಡೆಯದೆ ಉಳಿಯಬೇಕಾದರೆ ಶಾಖ ಕಡಿಮೆಯಿರಬೇಕು. ಆರ್ದ್ರೆಯ ಮೇಲ್ಮೈ 3,500 ಕೆಲ್ವಿನ್ನಿನ ಆಸುಪಾಸು, ನಮ್ಮ ಸೂರ್ಯನದು 5,800. ಯಾರೂ ಅಲ್ಲಿಗೆ ಥರ್ಮಾಮೀಟರ್ ಒಯ್ದಿಲ್ಲ. ಗೆರೆಗಳು ಹೇಳಿದ ಲೆಕ್ಕ ಇದು.

ಇದೆಲ್ಲ ದೂರದವರ ಕೆಲಸ ಎನ್ನಬೇಡಿ. 1956ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. ನಿಮ್ಮ ಮುತ್ತಜ್ಜಂದಿರು ಹೈದರಾಬಾದ್ ರಾಜ್ಯದ ಪ್ರಜೆಗಳು. ಅದೇ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದವರ ಮಗ ಖಗೋಳವಿಜ್ಞಾನಿ ವೈನು ಬಾಪು. ಹೊಳಪು ಬದಲಿಸುವ ನಕ್ಷತ್ರಗಳನ್ನು ಹುಡುಗನಾಗಿದ್ದಾಗಲೇ ನೋಡಿ ಲೆಕ್ಕವಿಟ್ಟ ಅವರು, 1957ರಲ್ಲಿ ಓಲಿನ್ ವಿಲ್ಸನ್ ಜೊತೆ ಸೇರಿ ಒಂದು ನಿಯಮ ಕೊಟ್ಟರು: ಕೆಲವು ನಕ್ಷತ್ರಗಳ ಕ್ಯಾಲ್ಸಿಯಂ ಗೆರೆಯ ನಡುವಿನ ಹೊಳಪು ಎಷ್ಟು ಅಗಲವೋ, ನಕ್ಷತ್ರದ ನಿಜವಾದ ಪ್ರಕಾಶ ಅಷ್ಟು ಹೆಚ್ಚು. ಪ್ರಕಾಶ ಗೊತ್ತಾದರೆ ದೂರವೂ ಗೊತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಆ ಸಂಸ್ಥೆ ರೂಪಿಸಿದ ಉಪಕರಣವೊಂದು 2023ರಲ್ಲಿ ಆದಿತ್ಯ-ಎಲ್1 ನೌಕೆ ಏರಿ ಹೋಗಿದೆ, ಸೂರ್ಯನ ಹೊರವಲಯ ನೋಡಲು. ಅದಕ್ಕೆ ಗ್ರಹಣ ಕಾಯುವ ಹಂಗಿಲ್ಲ.

ಈಗ ನಿಮ್ಮ ಸರದಿ. ಚಪ್ಪಲಿ ಅಂಗಡಿಯ ಖಾಲಿ ಡಬ್ಬಿ, ಹಳೆಯ ಸಿಡಿ, ಎರಡು ಬ್ಲೇಡು ಸಾಕು. ಡಬ್ಬಿಯ ಒಂದು ತುದಿಗೆ ಬ್ಲೇಡುಗಳ ಅಂಚು ಎದುರುಬದುರಾಗಿ ಅಂಟಿಸಿ ಕೂದಲೆಳೆಯಷ್ಟು ಸೀಳು ಬಿಡಿ. ಇನ್ನೊಂದು ತುದಿಯಲ್ಲಿ ಸಿಡಿಯನ್ನು ಓರೆಯಾಗಿ ನಿಲ್ಲಿಸಿ, ಮೇಲಿನ ಕಿಂಡಿಯಿಂದ ನೋಡಿ. ಸಿಡಿಯಲ್ಲಿ ಮಿಲಿಮೀಟರಿಗೆ ಸುಮಾರು 625 ಗೀರುಗಳಿವೆ. ಬೆಳಕನ್ನು ಬಿಡಿಸುವುದು ಅವೇ. ಗ್ಯಾಸ್ ಉರಿಯ ಮೇಲೆ ಚಿಟಿಕೆ ಉಪ್ಪು ಉದುರಿಸಿ ನೋಡಿ, ಸೋಡಿಯಂ ಸಿಗುತ್ತದೆ. ಟ್ಯೂಬ್‌ಲೈಟಿನಲ್ಲಿ ಪಾದರಸದ ಹಸಿರು ಗೆರೆಯಿದೆ, ಅದು ಎಲ್ಇಡಿ ಆಗಿರದಿದ್ದರೆ. ಡಬ್ಬಿಯನ್ನು ಬಿಳಿ ಮೋಡದ ಕಡೆ ತಿರುಗಿಸಿ. ಸೂರ್ಯನ ಕಡೆ ಮಾತ್ರ ಖಂಡಿತ ಬೇಡ, ಕಣ್ಣು ಹೋದೀತು. ಸೀಳು ಸಾಕಷ್ಟು ಕಿರಿದಾಗಿದ್ದರೆ ಬಣ್ಣದ ಪಟ್ಟಿಯ ನಡುವೆ ತೆಳ್ಳಗಿನ ಕಪ್ಪು ಗೆರೆಗಳು ಕಾಣುತ್ತವೆ. ಮೊದಲ ಸಲಕ್ಕೇ ಕಾಣದಿದ್ದರೆ ಬ್ಲೇಡು ಸರಿಸಿ, ಮತ್ತೆ ನೋಡಿ.

ಆಮೇಲೆ ನಾಲ್ಕಾರು ಜನ ದುಡ್ಡು ಕೂಡಿಸಿ ಬೆಳಕನ್ನು ಬಿಡಿಸುವ ಒಂದು ಗ್ರೇಟಿಂಗ್ ಹಾಳೆ ತರಿಸಿ, ಕ್ಯಾಮೆರಾದ ಮುಂದೆ ಹಿಡಿಯಿರಿ. ದೀಪಾವಳಿಯ ಹೊತ್ತಿಗೆ ಸಂಜೆ ವಾಯವ್ಯದಲ್ಲಿ ಅಭಿಜಿತ್ ನಕ್ಷತ್ರ ಹೊಳೆಯುತ್ತಿರುತ್ತದೆ. ಅದರ ರೋಹಿತದಲ್ಲಿ ಹೈಡ್ರೋಜನ್ನಿನ ಗೆರೆಗಳು, ಅಂದರೆ ನೀವು ಬಾಯಿಪಾಠ ಮಾಡಿದ ಬಾಮರ್ ಶ್ರೇಣಿ, ಎದ್ದು ಕಾಣುತ್ತವೆ. ಜನವರಿಯಲ್ಲಿ ಆರ್ದ್ರೆಯ ಚಿತ್ರವನ್ನೂ ತೆಗೆಯಿರಿ. ಎರಡನ್ನೂ ಪಕ್ಕಪಕ್ಕದಲ್ಲಿ ಶಾಲೆಯ ಗೋಡೆಗೆ ಅಂಟಿಸಿ, ಕೆಳಗೆ ದಿನಾಂಕ, ವೇಳೆ, ನಿಮ್ಮೂರಿನ ಹೆಸರು ಬರೆಯಿರಿ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ. ಎರಡೂ ಏಕೆ ಬೇರೆ ಎಂದು ಎಂಟನೇ ತರಗತಿಯ ಹುಡುಗಿ ಬಂದು ಕೇಳಿದರೆ, ಡಬ್ಬಿಯನ್ನು ಅವಳ ಕೈಗೇ ಕೊಡಿ.